ಬೈಚುಂಗ್ ಭುಟಿಯಾ ಇಂಗ್ಲೆಂಡಿನಲ್ಲಿ ಸೋತರಾ?

ಪ್ರಶ್ನೆ: ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಫುಟ್‌ಬಾಲ್ ಆಡುತ್ತಾನೆ. ಅವನಿಗೆ ಸುನಿಲ್ ಚೆಟ್ರಿ ಅಂದರೆ ಪ್ರಾಣ. ನಾನು ಭಾರತ ತಂಡದ ಹಿಂದಿನ ನಾಯಕ ಬೈಚುಂಗ್ ಭುಟಿಯಾ ಕಾಲದವನು. ಇಬ್ಬರಿಗೂ ದಿನಾ ವಾದ. ‘ಇಂಗ್ಲೆಂಡಿಗೆ ಹೋಗಿ ಮೂರು ವರ್ಷದಲ್ಲಿ ಮೂರೇ ಗೋಲು ಹೊಡೆದು ವಾಪಸ್ ಬಂದರಲ್ಲ, ಅದೇನು ದೊಡ್ಡದು?’ ಅಂತ ಅವನು ಕೇಳುತ್ತಾನೆ. ದೇಶಕ್ಕೆ ಹೊಡೆದ ಗೋಲು ತೋರಿಸೋಣ ಅಂದರೆ ಒಂದು ಕಡೆ 40 ಅಂತಿದೆ, ಇನ್ನೊಂದು ಕಡೆ 27 ಅಂತಿದೆ. ಯಾವುದು ಸರಿ? ಭುಟಿಯಾ ನಿಜಕ್ಕೂ ಅಷ್ಟು ದೊಡ್ಡ ಆಟಗಾರರಾ, ಇಲ್ಲ ನಮ್ಮ ಕಾಲದವರು ಅನ್ನೋ ಮೋಹನಾ?

ಉತ್ತರ: ನಿಮ್ಮ ಮಗನ ಲೆಕ್ಕ ತಪ್ಪಲ್ಲ. ಇಂಗ್ಲೆಂಡಿನ ಬೆರಿ ಕ್ಲಬ್ ಪರ ಭುಟಿಯಾ ಆಡಿದ್ದು 37 ಲೀಗ್ ಪಂದ್ಯ, ಹೊಡೆದದ್ದು 3 ಗೋಲು. ಫಾರ್ವರ್ಡ್ ಒಬ್ಬರಿಗೆ ಅದು ಕಡಿಮೆಯೇ. ವಾದದಲ್ಲಿ ಅದನ್ನು ಮುಚ್ಚಿಡಲು ಹೋಗಬೇಡಿ, ಈಗಿನ ಹುಡುಗರು ಎರಡೇ ನಿಮಿಷದಲ್ಲಿ ಹುಡುಕಿ ಮುಂದೆ ಇಡುತ್ತಾರೆ. ಆದರೆ ಆ ಮೂರು ಸೀಸನ್ನುಗಳಿಂದ ಇಡೀ ಆಟಗಾರನನ್ನು ಅಳೆಯಲು ಹೊರಟರೆ ನಾನು ಒಪ್ಪುವುದಿಲ್ಲ. ಭುಟಿಯಾ ಯಾವತ್ತೂ ಬರೀ ಗೋಲು ಹೊಡೆಯುವವರಾಗಿ ಇರಲಿಲ್ಲ. ಇಬ್ಬರು ಡಿಫೆಂಡರ್‌ಗಳನ್ನು ತಮ್ಮ ಮೈಮೇಲೆ ಎಳೆದುಕೊಂಡು, ಪಕ್ಕದವನಿಗೆ ಜಾಗ ಬಿಡಿಸಿಕೊಡುವ ಸೆಂಟರ್ ಫಾರ್ವರ್ಡ್ ಅವರು. ಆ ಕೆಲಸ ಸ್ಕೋರ್ ಪಟ್ಟಿಯಲ್ಲಿ ಕಾಣುವುದಿಲ್ಲ.

ಇಂಗ್ಲೆಂಡ್ ಕಥೆಯನ್ನೇ ಮೊದಲು ಮುಗಿಸೋಣ. ಅಲ್ಲೇ ಜಾಸ್ತಿ ತಪ್ಪು ತಿಳಿವಳಿಕೆ ಇರೋದು.

1999ರಲ್ಲಿ ಭುಟಿಯಾಗೆ 22 ವರ್ಷ. ಫುಲಾಮ್, ವೆಸ್ಟ್ ಬ್ರಾಮ್‌ವಿಚ್, ಆಸ್ಟನ್ ವಿಲಾ ಕ್ಲಬ್‌ಗಳಲ್ಲಿ ಟ್ರಯಲ್ ಕೊಟ್ಟರು. ಯಾರೂ ತೆಗೆದುಕೊಳ್ಳಲಿಲ್ಲ. ಯುರೋಪಿನ ಹೊರಗಿನ ಆಟಗಾರನಿಗೆ ಆಗ ಅಲ್ಲಿ ಕೆಲಸದ ಪರವಾನಗಿ ಬೇಕಿತ್ತು, ಅದಕ್ಕೆ ಅವನ ದೇಶದ ಫಿಫಾ ರ್‍ಯಾಂಕಿಂಗ್ ಕೂಡ ನೋಡುತ್ತಿದ್ದರು. ಭಾರತ ಅದುವರೆಗೆ ಮುಟ್ಟಿದ್ದ ಅತಿ ಒಳ್ಳೆಯ ಸ್ಥಾನ 94, ಅದೂ 1996ರಲ್ಲಿ. ಅಂಥ ದೇಶದಿಂದ ಬಂದ ಹುಡುಗನ ಮೇಲೆ ದುಡ್ಡು ಹಾಕಲು ಯಾರಿಗೂ ಧೈರ್ಯ ಇರಲಿಲ್ಲ. ಕೊನೆಗೆ ಸೆಪ್ಟೆಂಬರ್ 30ರಂದು ಬೆರಿ ಕ್ಲಬ್ ಮೂರು ವರ್ಷದ ಒಪ್ಪಂದ ಮಾಡಿಕೊಂಡಿತು. ಬೆರಿ ಮ್ಯಾಂಚೆಸ್ಟರ್‌ನ ಉತ್ತರಕ್ಕಿರುವ ಸಣ್ಣ ಊರು. ಕ್ಲಬ್ ಆಗ ಮೂರನೇ ದರ್ಜೆಯ ಲೀಗ್‌ನಲ್ಲಿ ಇತ್ತು. ಹೆಸರು ಮಾತ್ರ ‘ಸೆಕೆಂಡ್ ಡಿವಿಷನ್’, ಯಾಕೆಂದರೆ ಎಲ್ಲಕ್ಕಿಂತ ಮೇಲೆ ಪ್ರೀಮಿಯರ್ ಲೀಗ್ ಕೂತಿತ್ತು. ಅಕ್ಟೋಬರ್ 3ಕ್ಕೆ ಕಾರ್ಡಿಫ್ ಸಿಟಿ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ಮೊದಲ ಲೀಗ್ ಗೋಲು ಬರುವಷ್ಟರಲ್ಲಿ 2000ದ ಏಪ್ರಿಲ್ ಬಂದಿತ್ತು, ಚೆಸ್ಟರ್‌ಫೀಲ್ಡ್ ವಿರುದ್ಧ.

ಈಗ ಕ್ಲಬ್ ಒಳಗೆ ಏನಾಯಿತು ನೋಡಿ. ಭುಟಿಯಾರನ್ನು ಕರೆತಂದ ಮ್ಯಾನೇಜರ್ ನೀಲ್ ವಾರ್ನಾಕ್. ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ಶೆಫೀಲ್ಡ್ ಯುನೈಟೆಡ್‌ಗೆ ಹೊರಟುಹೋದರು. ಅಂದರೆ ತಂದವರ ಕೈಕೆಳಗೆ ಭುಟಿಯಾಗೆ ಸಿಕ್ಕಿದ್ದು ಎರಡೇ ತಿಂಗಳು. ನಂತರ ತಂಡ ನೋಡಿಕೊಂಡ ಆಂಡಿ ಪ್ರೀಸ್ ಆ ಕ್ಲಬ್‌ನಲ್ಲೇ ಆಡುತ್ತಿದ್ದ ಫಾರ್ವರ್ಡ್. ಆಟಗಾರನೂ ಅವರೇ, ಮ್ಯಾನೇಜರೂ ಅವರೇ. ಭುಟಿಯಾ ಆಡುವ ಜಾಗಕ್ಕೆ ಹತ್ತಿರದಲ್ಲೇ ತಾವೂ ಆಡುವವರು ತಂಡ ಆರಿಸುತ್ತಿದ್ದರು! ಇದರಲ್ಲಿ ಮೋಸ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಹೊಸ ಮ್ಯಾನೇಜರ್ ಬಂದಾಗ ಹಳಬರು ಆರಿಸಿ ತಂದ ಆಟಗಾರನಿಗೆ ಏನಾಗುತ್ತದೆ ಅನ್ನೋದು ಫುಟ್‌ಬಾಲ್ ಗೊತ್ತಿರುವ ಎಲ್ಲರಿಗೂ ಗೊತ್ತು.

ಆಟದ ಬಗೆಯೂ ಒಂದು ತೊಡಕು. ಆ ಕಾಲದ ಇಂಗ್ಲೆಂಡಿನ ಕೆಳ ದರ್ಜೆಯಲ್ಲಿ ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲೇ. ಹಿಂದಿನಿಂದ ಉದ್ದ ಹೊಡೆಯುವುದು, ಮುಂದೆ ಆರಡಿ ಎತ್ತರದ ಒಬ್ಬ ತಲೆ ಕೊಡುವುದು, ಚೆಲ್ಲಿದ ಚೆಂಡಿಗೆ ಉಳಿದವರು ನುಗ್ಗುವುದು. ಭುಟಿಯಾ ಎತ್ತರದ ಆಳಲ್ಲ. ಮೈ ಗಟ್ಟಿ, ಜಿಗಿಯುವ ಸಮಯ ಚೆನ್ನಾಗಿ ಗೊತ್ತು, ಆದರೂ ವಾರಕ್ಕೆ ಎರಡು ಪಂದ್ಯ, ಕೆಸರು ನೆಲ, ಮೊಣಕೈ ತಿವಿಯುವ ಡಿಫೆಂಡರ್‌ಗಳು. ಆಮೇಲೆ ಮಂಡಿ ನೋವು. ಕೊನೆಯ ಸೀಸನ್ನಿನಲ್ಲಿ ಅವರು ಆಡಿದ್ದೇ ಕಡಿಮೆ. ಅದೇ 2001-02ರಲ್ಲಿ ಕ್ಲಬ್ ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಕೆಳಗಿನ ಡಿವಿಷನ್‌ಗೂ ಇಳಿಯಿತು. 2019ರಲ್ಲಂತೂ ಹಣಕಾಸಿನ ತೊಂದರೆಯಿಂದಲೇ ಇಂಗ್ಲಿಷ್ ಲೀಗ್‌ನಿಂದ ಬೆರಿಯನ್ನು ಹೊರಗೆ ಹಾಕಿದರು. ಭುಟಿಯಾ ಹೋಗಿ ಸೇರಿದ್ದು ಎಂಥ ಜಾಗಕ್ಕೆ ಅನ್ನೋದು ಇದರಿಂದ ತಿಳಿಯುತ್ತದೆ.

ಹಾಗಾದರೆ ಸೋತರಾ? ಆಟದ ಲೆಕ್ಕದಲ್ಲಿ ಹೌದು, ಗೆದ್ದರು ಅನ್ನಲು ಬರುವುದಿಲ್ಲ. ಆದರೆ ಅವರಿಗೂ ಮುಂಚೆ ಯುರೋಪಿಗೆ ಹೋಗಿ ಆಡಿದ ಭಾರತೀಯ ಯಾರು ಅಂತ ಮಗನನ್ನು ಕೇಳಿ. 1936ರಲ್ಲಿ ಕಲ್ಕತ್ತದ ಮೊಹಮ್ಮದ್ ಸಲೀಂ ಸ್ಕಾಟ್ಲೆಂಡಿನ ಸೆಲ್ಟಿಕ್ ಪರ ಬರಿಗಾಲಲ್ಲಿ ಎರಡು ಪಂದ್ಯ ಆಡಿದ್ದರು. ಆಮೇಲೆ 63 ವರ್ಷ ಯಾರೂ ಇಲ್ಲ. ಯುರೋಪಿನ ಕ್ಲಬ್ ಜತೆ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ಭಾರತೀಯ ಭುಟಿಯಾ. ಚೆಟ್ರಿಯವರೇ ಮುಂದೆ ಅಮೆರಿಕದ ಕ್ಯಾನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗಳಿಗೆ ಹೋದರಲ್ಲ. ಅಲ್ಲಿ ಅವರಿಗೆ ಎಷ್ಟು ಅವಕಾಶ ಸಿಕ್ಕಿತು ಅಂತಲೂ ಹುಡುಕಲು ಹೇಳಿ. ಸ್ಪೋರ್ಟಿಂಗ್‌ನಲ್ಲಿ ಅವರು ಆಡಿದ್ದು ಬಿ ತಂಡಕ್ಕೆ. ಅದಕ್ಕೆ ಹೋಲಿಸಿದರೆ 37 ಲೀಗ್ ಪಂದ್ಯ ಸಣ್ಣ ಮಾತಲ್ಲ.

ಇನ್ನು ಅವರು ಎಲ್ಲಿಂದ ಬಂದರು ಅನ್ನೋದು. ದಕ್ಷಿಣ ಸಿಕ್ಕಿಂನ ತಿಂಕಿತಾಂ ಅನ್ನೋ ಹಳ್ಳಿ, ರೈತ ಕುಟುಂಬ, ಹುಟ್ಟಿದ್ದು 1976ರ ಡಿಸೆಂಬರ್ 15. ಸಿಕ್ಕಿಂ ಭಾರತಕ್ಕೆ ಸೇರಿ ಆಗಿನ್ನೂ ಒಂದೂವರೆ ವರ್ಷ. ಒಂಬತ್ತನೇ ವಯಸ್ಸಿಗೆ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ವಿದ್ಯಾರ್ಥಿವೇತನ ಸಿಕ್ಕಿ ಗ್ಯಾಂಗ್ಟಾಕ್‌ನ ತಾಶಿ ನಂಗ್ಯಾಲ್ ಅಕಾಡೆಮಿಗೆ ಹೋದರು. 1992ರಲ್ಲಿ ಶಾಲಾ ತಂಡಗಳ ಸುಬ್ರತೊ ಕಪ್‌ನಲ್ಲಿ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಭಾರತದ ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಈ ಹುಡುಗನನ್ನು ಗುರುತಿಸಿ ಕಲ್ಕತ್ತದ ದಾರಿ ಹಿಡಿಸಿದರು. 1993ರಲ್ಲಿ, ಹದಿನಾರನೇ ವಯಸ್ಸಿಗೆ, ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು.

ಈ ಕಡೆಯ ಓದುಗರಿಗೆ ಇಷ್ಟವಾಗುವ ಒಂದು ವಿಷಯ ಇಲ್ಲಿದೆ. ಆಗ ಈಸ್ಟ್ ಬೆಂಗಾಲ್‌ನ ಮಿಡ್‌ಫೀಲ್ಡ್‌ನಲ್ಲಿ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಇದ್ದರು. ಅದೇ 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಚಾಪ್‌ಮನ್ ಹ್ಯಾಟ್ರಿಕ್ ಹೊಡೆದಿದ್ದರು. 1995ರಲ್ಲಿ ಚಾಪ್‌ಮನ್, ಭುಟಿಯಾ ಇಬ್ಬರೂ ಪಂಜಾಬಿನ ಫಗ್ವಾಡಾದ ಜೆಸಿಟಿ ಸೇರಿದರು. ಅಲ್ಲಿ ಕೇರಳದ ಐ.ಎಂ. ವಿಜಯನ್ ಮೊದಲೇ ಇದ್ದರು. ಬಟ್ಟೆ ಮಿಲ್ಲಿನ ತಂಡ ಅದು, ಕೋಚ್ ಸುಖ್ವಿಂದರ್ ಸಿಂಗ್. ಚಾಪ್‌ಮನ್ ಹಿಂದಿನಿಂದ ಚೆಂಡು ಕೊಡುವುದು, ವಿಜಯನ್ ಅದನ್ನು ಕಾಲಿಗೆ ಅಂಟಿಸಿಕೊಂಡು ಇಬ್ಬರನ್ನು ಏಮಾರಿಸುವುದು, ಭುಟಿಯಾ ಗೋಲಿನ ಬಾಯಿಗೆ ಓಡುವುದು. 1996-97ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಮೊದಲ ಸಲ ನಡೆದಾಗ ಕಪ್ ಜೆಸಿಟಿಗೆ, 14 ಗೋಲು ಹೊಡೆದ ಭುಟಿಯಾ ಲೀಗ್‌ನ ಅತಿ ಹೆಚ್ಚು ಗೋಲುಗಾರ. ಚಾಪ್‌ಮನ್ 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ತೀರಿಕೊಂಡರು, 49 ವರ್ಷಕ್ಕೇ. ಇಷ್ಟು ದೊಡ್ಡ ಆಟಗಾರ ನಮ್ಮೂರಲ್ಲೇ ಓಡಾಡುತ್ತಿದ್ದರೂ ಗುರುತಿಸುತ್ತಿದ್ದವರು ಎಷ್ಟು ಜನ, ಬಿಡಿ.

ಭುಟಿಯಾ ಹೆಸರು ದೇಶಕ್ಕೆಲ್ಲ ಗೊತ್ತಾದ ದಿನ ಮಾತ್ರ 1997ರ ಜುಲೈ 13. ಆ ಹೊತ್ತಿಗೆ ಅವರು ಮತ್ತೆ ಈಸ್ಟ್ ಬೆಂಗಾಲ್‌ಗೆ ಬಂದಿದ್ದರು. ಕಲ್ಕತ್ತದ ಸಾಲ್ಟ್ ಲೇಕ್ ಮೈದಾನ, ಫೆಡರೇಷನ್ ಕಪ್ ಸೆಮಿಫೈನಲ್, ಎದುರಿಗೆ ಅದೇ ಊರಿನ ಹಳೆಯ ಎದುರಾಳಿ ಮೋಹನ್ ಬಾಗನ್. ಬಂದ ಜನ 1.31 ಲಕ್ಷಕ್ಕೂ ಹೆಚ್ಚು. ಭಾರತದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಅಷ್ಟು ಜನ ಸೇರಿದ್ದು ಅದೇ ದಾಖಲೆ. ಮೋಹನ್ ಬಾಗನ್ ಕೋಚ್ ಅಮಲ್ ದತ್ತ ‘ಡೈಮಂಡ್’ ಅನ್ನೋ ಹೊಸ ವ್ಯೂಹ ತಂದಿದ್ದರು. ಬಾಗನ್ ಎದುರಾಳಿಗಳನ್ನೆಲ್ಲ ಉಡಾಯಿಸಿಕೊಂಡು ಬಂದಿತ್ತು. ಪಂದ್ಯಕ್ಕೆ ಮೊದಲು ದತ್ತ ಎದುರಾಳಿ ಆಟಗಾರರ ಹೆಸರು ತಿರುಚಿ ಗೇಲಿ ಮಾಡಿದ್ದರು, ಭುಟಿಯಾರನ್ನು ‘ಚುಂಗ್ ಚುಂಗ್’ ಅಂದಿದ್ದರು. ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ. ಅಂಥ ಮಾತುಗಳನ್ನು ಹಿಡಿದು ಹುಡುಗರನ್ನು ಕೆರಳಿಸುವುದರಲ್ಲಿ ಅವರು ಪಳಗಿದ ಕೈ. ಫಲಿತಾಂಶ 4-1. ಭುಟಿಯಾ ಹ್ಯಾಟ್ರಿಕ್.

ಈ ಪಂದ್ಯವನ್ನು ಅವಮಾನಕ್ಕೆ ಕೊಟ್ಟ ಉತ್ತರ ಅಂತಲೇ ಎಲ್ಲರೂ ಹೇಳುತ್ತಾರೆ. ಚೆನ್ನಾಗಿದೆ, ಕೇಳಲು ರೋಚಕ. ಆದರೆ ನನಗೆ ಅದರಲ್ಲಿ ಕಾಣುವುದು ಬೇರೆ. ದತ್ತರ ವ್ಯೂಹದಲ್ಲಿ ಹಿಂದೆ ಕಡಿಮೆ ಜನ, ಮುಂದೆ ಜಾಸ್ತಿ. ತಂಡ ಇಡಿಯಾಗಿ ಮೇಲೆ ಹೋದಾಗ ಡಿಫೆಂಡರ್‌ಗಳ ಬೆನ್ನ ಹಿಂದೆ ಬಯಲು. ಭುಟಿಯಾಗೆ ಬೇಕಿದ್ದದ್ದು ಅದೇ. ಅವರ ದೊಡ್ಡ ಆಸ್ತಿ ಬರೀ ವೇಗ ಅಲ್ಲ, ಓಡಲು ಶುರು ಮಾಡುವ ಕ್ಷಣ. ಪಾಸ್ ಕೊಡುವವನು ತಲೆ ಎತ್ತುವ ಮೊದಲೇ ಡಿಫೆಂಡರ್‌ನ ಕುರುಡು ಬದಿಗೆ ಜಾರಿರುತ್ತಿದ್ದರು. ಕ್ರಾಸ್ ಬಂದರೆ ದೂರದ ಕಂಬಕ್ಕೆ ಹೋಗುವಂತೆ ಒಂದು ಹೆಜ್ಜೆ ಇಟ್ಟು, ಹತ್ತಿರದ ಕಂಬಕ್ಕೆ ನುಗ್ಗುವುದು. ಎತ್ತರ ಇಲ್ಲದಿದ್ದರೂ ತಲೆಯಿಂದ ಅಷ್ಟು ಗೋಲು ಬಂದದ್ದು ಹಾಗೆ. ನಿಮ್ಮ ಮಗ ಫಾರ್ವರ್ಡ್ ಆಗಿದ್ದರೆ ಭುಟಿಯಾರಿಂದ ಕದಿಯಬೇಕಾದ್ದು ಇದನ್ನೇ. ಚೆಂಡಿನ ಜತೆ ಅವರು ವಿಜಯನ್‌ನಷ್ಟು ಚಂದ ಇರಲಿಲ್ಲ. ಚೆಂಡು ಇಲ್ಲದಾಗ ಆ ಕಾಲದ ಭಾರತದಲ್ಲಿ ಅವರ ಸಮ ಯಾರೂ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಇನ್ನು 40 ಮತ್ತು 27ರ ಜಗಳ.

ಎರಡೂ ಸುಮ್ನೆ ಹುಟ್ಟಿದ ಅಂಕಿಗಳಲ್ಲ. ಯಾವ ಪಂದ್ಯವನ್ನು ಲೆಕ್ಕಕ್ಕೆ ತಗೋಬೇಕು ಅನ್ನುವಲ್ಲಿ ವ್ಯತ್ಯಾಸ. ಭಾರತ ತಂಡ ಆ ಕಾಲದಲ್ಲಿ ಬರೀ ದೇಶಗಳ ಜತೆ ಆಡುತ್ತಿರಲಿಲ್ಲ. 2000ದ ಬೇಸಿಗೆಯಲ್ಲಿ ತಂಡ ಇಂಗ್ಲೆಂಡಿಗೆ ಹೋಗಿ ಫುಲಾಮ್, ವೆಸ್ಟ್ ಬ್ರಾಮ್‌ವಿಚ್ ಕ್ಲಬ್‌ಗಳ ಜತೆ ಆಡಿತು. ಇನ್ನು ಕೆಲವು ಟೂರ್ನಿಗಳಿಗೆ ಎದುರಾಳಿ ದೇಶಗಳು ತಮ್ಮ ಒಲಿಂಪಿಕ್ ತಂಡವನ್ನೋ, ಎರಡನೇ ತಂಡವನ್ನೋ ಕಳಿಸುತ್ತಿದ್ದವು. 2002ರ ಬೂಸಾನ್ ಏಷ್ಯನ್ ಗೇಮ್ಸ್‌ನಿಂದ ಅಲ್ಲಿನ ಫುಟ್‌ಬಾಲ್ 23 ವರ್ಷದೊಳಗಿನವರದ್ದಾಯಿತು, ಜತೆಗೆ ಮೂವರು ಹಿರಿಯರಿಗೆ ಜಾಗ. ಅಂಥ ಪಂದ್ಯಗಳಲ್ಲಿ ಭಾರತದ ಜೆರ್ಸಿ ತೊಟ್ಟೇ ಆಡಿರುತ್ತಾರೆ, ಗೋಲೂ ಹೊಡೆದಿರುತ್ತಾರೆ. ಹಳೆಯ ಪಟ್ಟಿಗಳು ಅವನ್ನೆಲ್ಲ ಕೂಡಿಸಿ ನೂರು ದಾಟಿದ ಪಂದ್ಯ, 40 ಗೋಲು ಅಂದವು. 2009ರ ನೆಹರೂ ಕಪ್‌ನಲ್ಲಿ (ಭಾರತ ಬೇರೆ ದೇಶಗಳನ್ನು ಕರೆದು ಆಡಿಸುತ್ತಿದ್ದ ಟೂರ್ನಿ ಅದು) ನೂರನೇ ಪಂದ್ಯ ಆಡಿದ ಮೊದಲ ಭಾರತೀಯ ಅಂತ ಅವರನ್ನು ಸನ್ಮಾನಿಸಿದ್ದೂ ಈ ಲೆಕ್ಕದ ಮೇಲೇ. ಆಮೇಲೆ ಎರಡೂ ಕಡೆ ಹಿರಿಯರ ಪೂರ್ಣ ತಂಡ ಇದ್ದ ಪಂದ್ಯಗಳನ್ನು ಮಾತ್ರ ಬೇರೆ ಮಾಡಿದವರು 82 ಪಂದ್ಯ, 27 ಗೋಲು ಅನ್ನುತ್ತಾರೆ. ಬೇರೆ ದೇಶದವರ ಜತೆ ಹೋಲಿಸಬೇಕಾದರೆ ಚಿಕ್ಕ ಅಂಕಿಯೇ ಸರಿ. ‘ಭಾರತಕ್ಕೆ ಎಷ್ಟು ಆಡಿದರು’ ಅಂತ ಕೇಳಿದರೆ ದೊಡ್ಡದೂ ಸುಳ್ಳಲ್ಲ. ದಾಖಲೆ ಸರಿಯಾಗಿ ಇಡದ ಆಡಳಿತದ ತಪ್ಪಿಗೆ ಆಟಗಾರನನ್ನು ಬೈಯಬಾರದು ಅಲ್ವಾ?

ಮೊದಲ ಪಂದ್ಯ ಯಾವುದು ಅನ್ನುವಲ್ಲಿ ಗೊಂದಲ ಇಲ್ಲ. 1995ರ ಮಾರ್ಚ್ 10, ನೆಹರೂ ಕಪ್, ಥಾಯ್ಲೆಂಡ್ ವಿರುದ್ಧ. ಅದೇ ಟೂರ್ನಿಯಲ್ಲಿ ಉಜ್ಬೆಕಿಸ್ತಾನದ ಮೇಲೆ ಗೋಲು ಹೊಡೆದು, ಆಗಿನ ಮಟ್ಟಿಗೆ ಭಾರತದ ಅತಿ ಕಿರಿಯ ಗೋಲುಗಾರ ಆದರು. ವಯಸ್ಸು 18.

ಚೆಟ್ರಿ ಜತೆ ಹೋಲಿಕೆಗೆ ಬರೋಣ. ಗೋಲಿನ ಲೆಕ್ಕದಲ್ಲಿ ಹೋಲಿಕೆಯೇ ಇಲ್ಲ. 2024ರ ಜೂನ್ 6ರಂದು ಕುವೈತ್ ವಿರುದ್ಧ ವಿದಾಯ ಹೇಳಿದಾಗ ಚೆಟ್ರಿ ಹೆಸರಲ್ಲಿ 94 ಗೋಲು ಇತ್ತು. 2025ರ ಮಾರ್ಚ್‌ನಲ್ಲಿ ವಾಪಸ್ ಬಂದು ಮಾಲ್ಡೀವ್ಸ್ ಮೇಲೆ ಇನ್ನೊಂದು ಹೊಡೆದರು. ಗೋಲು ಹೊಡೆಯುವುದರಲ್ಲಿ ಭಾರತ ಕಂಡ ಅತಿ ದೊಡ್ಡ ಆಟಗಾರ ಅವರೇ, ಇದರಲ್ಲಿ ನಿಮ್ಮ ಮಗನಿಗೆ ಸೋತುಬಿಡಿ. ಪೆನಾಲ್ಟಿ ಜಾಸ್ತಿ, ಎದುರಾಳಿಗಳು ಸಣ್ಣವರು ಅಂತೆಲ್ಲ ಕೊಂಕು ತೆಗೆಯಬೇಡಿ. ಭುಟಿಯಾ ಲೆಕ್ಕದಲ್ಲೂ ಅಂಥದ್ದು ಇದೆ. 2003ರಲ್ಲಿ ಆಗ್ನೇಯ ಏಷ್ಯಾದವರು ನಡೆಸಿದ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್‌ನಲ್ಲಿ ಅವರು 9 ಗೋಲು ಹೊಡೆದು ಮೊದಲಿಗರಾದರು. ಅದರಲ್ಲಿ 6 ಒಂದೇ ಪಂದ್ಯದ್ದು, ಫಿಲಿಪ್ಪೀನ್ಸ್ ಸೇನೆಯ ತಂಡದ ಮೇಲೆ.

ಅದೇ ಟೂರ್ನಿಯ ಫೈನಲ್ ಬೇರೆಯೇ ಮಾತು. ಜಕಾರ್ತದಲ್ಲಿ ಜುಲೈ 26ರಂದು ಈಸ್ಟ್ ಬೆಂಗಾಲ್ ಎದುರು ನಿಂತದ್ದು ಥಾಯ್ಲೆಂಡಿನ ಬೆಕ್ ಟೆರೊ ಸಾಸನ. ಆ ತಂಡ ಅದೇ ಋತುವಿನಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೆ ಹೋಗಿತ್ತು. ಸುಭಾಷ್ ಭೌಮಿಕ್ ಕೋಚ್ ಆಗಿದ್ದ ಈಸ್ಟ್ ಬೆಂಗಾಲ್ ಅವರನ್ನು 3-1ರಿಂದ ಸೋಲಿಸಿತು. ಮೈಕ್ ಒಕೊರೊ, ಭುಟಿಯಾ, ಅಲ್ವಿಟೊ ಡಿಕುನ್ಹ ತಲಾ ಒಂದು ಗೋಲು. ವಿದೇಶದಲ್ಲಿ ಭಾರತದ ಕ್ಲಬ್ ಒಂದು ಗೆದ್ದ ದೊಡ್ಡ ಕಪ್‌ಗಳಲ್ಲಿ ಇದನ್ನು ನಾನು ಮೊದಲ ಸಾಲಿನಲ್ಲಿ ಇಡುತ್ತೇನೆ. ಬೆರಿಯಿಂದ ಮಂಡಿ ನೋವು ಹೊತ್ತು ಬಂದು, ಮೋಹನ್ ಬಾಗನ್‌ನಲ್ಲಿ ಒಂದು ಸೀಸನ್ ಬಹುಪಾಲು ಗಾಯದಲ್ಲೇ ಕಳೆದು, ‘ಇನ್ನು ಮುಗೀತು’ ಅನ್ನಿಸಿಕೊಂಡವರು ಇದನ್ನು ಮಾಡಿದ್ದು. ಮುಂದಿನ ಸೀಸನ್ನಿಗೆ ರಾಷ್ಟ್ರೀಯ ಲೀಗ್ ಕೂಡ ಈಸ್ಟ್ ಬೆಂಗಾಲ್‌ಗೇ ಬಂತು. ನಡುವೆ ಮಲೇಷ್ಯಾದ ಪೆರಾಕ್, ಸೆಲಾಂಗೊರ್‌ನ ಎಂಕೆ ಲ್ಯಾಂಡ್ ತಂಡಗಳಿಗೂ ಸ್ವಲ್ಪ ಕಾಲ ಆಡಿಬಂದರು.

ಇಬ್ಬರ ನಡುವಿನ ನಿಜವಾದ ಸಂಬಂಧ ಅರ್ಥವಾಗಬೇಕಾದರೆ 2007ರಿಂದ 2009ರವರೆಗಿನ ಭಾರತ ತಂಡ ನೋಡಬೇಕು. ಕೋಚ್ ಬಾಬ್ ಹೌಟನ್, ಇಂಗ್ಲೆಂಡಿನವರು. ಸಾಲು ಬಿಗಿಯಾಗಿ ಇಟ್ಟುಕೊಂಡು ಆಡಿಸುವವರು, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ಕಳಿಸುವುದು ಅವರ ರೀತಿ. ಅಂಥ ಆಟಕ್ಕೆ ಮುಂದೆ ಚೆಂಡು ಹಿಡಿದು ನಿಲ್ಲಿಸುವ ಒಬ್ಬ ಬೇಕು. ಮೂವತ್ತು ದಾಟಿದ ನಾಯಕ ಭುಟಿಯಾ ಆ ಕೆಲಸಕ್ಕೆ ನಿಂತರು. ವೇಗ ಇಳಿದಿತ್ತು, ಹಾಗಾಗಿ ಬೆನ್ನ ಹಿಂದೆ ಓಡುವುದನ್ನು ಕಡಿಮೆ ಮಾಡಿದರು. ಗೋಲಿಗೆ ಬೆನ್ನು ಕೊಟ್ಟು, ಸೆಂಟರ್‌ಬ್ಯಾಕ್‌ಗೆ ಮೈ ಒರಗಿಸಿ, ಚೆಂಡು ಕಾಪಾಡಿ ಪಕ್ಕಕ್ಕೆ ತಳ್ಳುವುದು. ಜೆಸಿಟಿಯಲ್ಲಿ ವಿಜಯನ್ ತಮಗೆ ಮಾಡಿಕೊಟ್ಟ ಜಾಗವನ್ನು ಈಗ ತಾವು ಇನ್ನೊಬ್ಬನಿಗೆ ಮಾಡಿಕೊಟ್ಟರು. ಆ ಜಾಗಕ್ಕೆ ಓಡಿ ಬರುತ್ತಿದ್ದ ಹುಡುಗ ಸುನಿಲ್ ಚೆಟ್ರಿ. ಬೆರಿಯಲ್ಲಿ ತಿಂದ ಪೆಟ್ಟುಗಳು ಇಲ್ಲಿ ಕೈಹಿಡಿದವು ಅಂತ ನನಗೆ ಅನ್ನಿಸುತ್ತದೆ. ದೊಡ್ಡ ಮೈಯ ಡಿಫೆಂಡರ್ ಎದುರು ಕಾಲು ಕೀಳದೆ ನಿಲ್ಲುವುದು ಹೇಗೆ ಅನ್ನೋದನ್ನು ಕಲ್ಕತ್ತದ ಲೀಗ್ ಕಲಿಸುವುದಿಲ್ಲ.

2007ರ ನೆಹರೂ ಕಪ್ ಫೈನಲ್‌ನಲ್ಲಿ ಸಿರಿಯಾವನ್ನು 1-0ರಿಂದ ಸೋಲಿಸಿದರು, ಗೋಲು ಎನ್.ಪಿ. ಪ್ರದೀಪ್ ಅವರದ್ದು. 2009ರಲ್ಲಿ ಅದೇ ಸಿರಿಯಾ, ಅದೇ ಫೈನಲ್. ಪೆನಾಲ್ಟಿ ಶೂಟೌಟ್‌ನಲ್ಲಿ ಗೋಲ್‌ಕೀಪರ್ ಸುಬ್ರತ ಪಾಲ್ ಗೆಲ್ಲಿಸಿಕೊಟ್ಟರು, ಟೂರ್ನಿಯ ಶ್ರೇಷ್ಠ ಆಟಗಾರ ಭುಟಿಯಾ. ಆದರೆ ಎರಡಕ್ಕೂ ನಡುವಿನ 2008ರ ಎಎಫ್‌ಸಿ ಚಾಲೆಂಜ್ ಕಪ್ (ಏಷ್ಯಾ ಫುಟ್‌ಬಾಲ್ ಒಕ್ಕೂಟದ ಟೂರ್ನಿ) ಎಲ್ಲಕ್ಕಿಂತ ಮುಖ್ಯ. ಟೂರ್ನಿ ಹೈದರಾಬಾದಿನಲ್ಲಿ ಶುರುವಾಯಿತು. ಮಳೆಗೆ ಮೈದಾನ ಹಾಳಾಗಿ ಕೊನೆಯ ಪಂದ್ಯಗಳನ್ನು ದೆಹಲಿಯ ಅಂಬೇಡ್ಕರ್ ಸ್ಟೇಡಿಯಂಗೆ ತಂದರು. ಆಗಸ್ಟ್ 13ರ ಫೈನಲ್‌ನಲ್ಲಿ ಭಾರತ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿತು. ಚೆಟ್ರಿ ಮೂರು, ಭುಟಿಯಾ ಒಂದು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಮಾತ್ರ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದವರಿಗೆ ಹೋಗಲಿಲ್ಲ, ಭುಟಿಯಾಗೆ ಹೋಯಿತು. ಅದೇ ಗೆಲುವು ಭಾರತವನ್ನು 2011ರ ಏಷ್ಯನ್ ಕಪ್‌ಗೆ ಕರೆದೊಯ್ದಿತು. 1984ರ ನಂತರ ಮೊದಲ ಸಲ.

ಆ ಏಷ್ಯನ್ ಕಪ್ ಅವರ ಪಾಲಿಗೆ ನೋವಿನದೇ. ದೋಹಾಕ್ಕೆ ಹೋದದ್ದೇ ಗಾಯದೊಂದಿಗೆ. ಆಸ್ಟ್ರೇಲಿಯಾ ಎದುರು 0-4, ಬಹ್ರೇನ್ ಎದುರು 2-5. ಎರಡರಲ್ಲೂ ಭುಟಿಯಾ ಬೆಂಚ್ ಮೇಲೆ. ದಕ್ಷಿಣ ಕೊರಿಯಾ ಎದುರಿನ ಮೂರನೇ ಪಂದ್ಯದಲ್ಲಿ, ಸೋಲು ಖಚಿತವಾದ ಮೇಲೆ, ಕೊನೆಯ ಸ್ವಲ್ಪ ಹೊತ್ತು ಇಳಿದರು. 1-4. ಆ ವರ್ಷದ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ನಿವೃತ್ತಿ ಘೋಷಿಸಿದರು. 2012ರ ಜನವರಿ 10ರಂದು ದೆಹಲಿಯಲ್ಲಿ ಬೀಳ್ಕೊಡುಗೆ ಪಂದ್ಯ, ಎದುರಾಳಿ ಬಯರ್ನ್ ಮ್ಯೂನಿಕ್! ಭಾರತ 0-4ರಿಂದ ಸೋತಿತು. ಚಳಿಯಲ್ಲಿ ಬಂದ ಜನರಿಗೆ ಅದರ ಚಿಂತೆ ಇರಲಿಲ್ಲ.

ಅವರ ಬದುಕಿನ ಇನ್ನೊಂದು ಭಾಗ ನಿಮ್ಮ ಮಗನಿಗೆ ಗೊತ್ತಿರಲಿಕ್ಕಿಲ್ಲ. 2006ರಲ್ಲಿ ಭಾರತದ ಫುಟ್‌ಬಾಲ್ ಆಟಗಾರರಿಗೆ ಒಂದು ಸಂಘ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಭುಟಿಯಾ. ಸಂಬಳ ಬಾಕಿ, ಗಾಯವಾದರೆ ಕೈಬಿಡುವುದು, ಒಪ್ಪಂದ ಮುರಿಯುವುದು, ಇವೆಲ್ಲ ಆಗ ಮಾಮೂಲು. ಆಡುತ್ತಿರುವಾಗಲೇ ಕ್ಲಬ್‌ಗಳ ಎದುರು ನಿಲ್ಲುವ ಸಂಘಕ್ಕೆ ಹೆಸರು ಕೊಡಲು ಎದೆಗಾರಿಕೆ ಬೇಕು, ಅದೂ ಆ ಕ್ಲಬ್‌ಗಳಿಂದಲೇ ಅನ್ನ ತಿನ್ನುವಾಗ. 2008ರಲ್ಲಿ ದೆಹಲಿಗೆ ಬಂದ ಬೀಜಿಂಗ್ ಒಲಿಂಪಿಕ್ ಜ್ಯೋತಿಯನ್ನು ಹೊರಲು ಟಿಬೆಟ್ ಜನರ ಬೆಂಬಲಕ್ಕಾಗಿ ನಿರಾಕರಿಸಿದರು. ಅದೇ ವರ್ಷ ಪದ್ಮಶ್ರೀ ಬಂದಿತ್ತು. ಮರುವರ್ಷ ಟಿವಿಯ ಡ್ಯಾನ್ಸ್ ಸ್ಪರ್ಧೆಯಲ್ಲಿ ಆಡಿ ಗೆದ್ದರು. ಡ್ಯಾನ್ಸ್‌ಗೆ ಹೋದದ್ದರ ಗಲಾಟೆಯಲ್ಲಿ, ಆಗ ಆಡುತ್ತಿದ್ದ ಮೋಹನ್ ಬಾಗನ್ ಜತೆ ಕೆಟ್ಟು ಮತ್ತೆ ಈಸ್ಟ್ ಬೆಂಗಾಲ್‌ಗೆ ಹೋದರು. ರಾಜಕೀಯಕ್ಕೂ ಇಳಿದರು. ಡಾರ್ಜಿಲಿಂಗ್, ಸಿಲಿಗುರಿ, ಆಮೇಲೆ ಸಿಕ್ಕಿಂ, ನಿಂತಲ್ಲೆಲ್ಲ ಸೋಲು. 2024ರಲ್ಲಿ ಚುನಾವಣಾ ರಾಜಕೀಯಕ್ಕೆ ಕೈ ಮುಗಿದರು. ಅದಕ್ಕೂ ಮೊದಲು, 2022ರ ಸೆಪ್ಟೆಂಬರ್‌ನಲ್ಲಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಧ್ಯಕ್ಷಗಿರಿಗೆ ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ ಎದುರು ನಿಂತರು. ಚೌಬೆಗೆ 33 ಮತ, ಭುಟಿಯಾಗೆ 1. ಮತ ಹಾಕುವವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಆಟಗಾರರ ಕೈಯಲ್ಲಿ ಮತ ಇದ್ದಿದ್ದರೆ ಲೆಕ್ಕ ಹೀಗೆ ಇರುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಈಗ ನಿಮ್ಮ ಮನೆಯ ವಾದ. ಯಾರು ದೊಡ್ಡವರು ಅಂತ ಒಂದೇ ಮಾತಲ್ಲಿ ತೀರ್ಪು ಬೇಕಾದರೆ: ನೂರು ನಿಮಿಷದಲ್ಲಿ ಒಂದು ಗೋಲು ಬೇಕು ಅಂದರೆ ನಾನು ಚೆಟ್ರಿಯನ್ನು ಆರಿಸುತ್ತೇನೆ. ಜತೆಗೆ ಇನ್ನೊಬ್ಬ ಫಾರ್ವರ್ಡ್ ಇದ್ದು, ಅವನಿಂದ ಒಳ್ಳೆಯ ಆಟ ಹೊರಗೆ ಬರಬೇಕು ಅಂದರೆ ಭುಟಿಯಾ. ಭುಟಿಯಾ ನಿವೃತ್ತಿಯ ನಂತರ ಚೆಟ್ರಿಗೆ ಅಂಥ ಜತೆಗಾರ ಸಿಗಲೇ ಇಲ್ಲ. ಜೆಜೆ ಲಾಲ್ಪೆಖ್ಲುವಾ ಸ್ವಲ್ಪ ವರ್ಷ ಆ ಜಾಗ ತುಂಬಿದರು, ಗಾಯಗಳು ಅವರನ್ನೂ ಬಿಡಲಿಲ್ಲ. ಚೆಟ್ರಿ ಒಬ್ಬರೇ ಅಷ್ಟು ಗೋಲು ಹೊಡೆಯಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ.

ಮಾತಿಗಿಂತ ನೋಡುವುದು ಒಳ್ಳೆಯದು. 2008ರ ತಜಿಕಿಸ್ತಾನ ಫೈನಲ್‌ನ ತುಣುಕುಗಳು ಸಿಕ್ಕರೆ ಇಬ್ಬರೂ ಕೂತು ನೋಡಿ. ಮೊದಲ ಸಲ ಚೆಂಡನ್ನು ಹಿಂಬಾಲಿಸಿ. ಎರಡನೇ ಸಲ ಚೆಂಡು ಬಿಟ್ಟು ಭುಟಿಯಾರನ್ನು ಮಾತ್ರ ನೋಡಲು ಮಗನಿಗೆ ಹೇಳಿ: ಎತ್ತ ಜಾರುತ್ತಾರೆ, ಯಾವ ಡಿಫೆಂಡರ್ ಅವರ ಹಿಂದೆ ಹೋಗುತ್ತಾನೆ, ಅವನು ಬಿಟ್ಟ ಜಾಗಕ್ಕೆ ಯಾರು ಬರುತ್ತಾರೆ. ಆಮೇಲೆ ಮೈದಾನದಲ್ಲಿ ಅವನೇ ಅದನ್ನು ಮಾಡಿ ನೋಡಲಿ. ಶಾಲೆ ತಂಡದ ಡಿಫೆಂಡರ್‌ಗಳು ಬಹಳ ಮಟ್ಟಿಗೆ ಚೆಂಡನ್ನೇ ನೋಡುತ್ತಾ ನಿಂತಿರುತ್ತಾರೆ, ಈ ಒಂದು ಹೆಜ್ಜೆಯ ಚಾಲಾಕಿಗೆ ಅವರಲ್ಲಿ ಉತ್ತರ ಇರುವುದಿಲ್ಲ.